ಟೆಹರಾನಿನಲ್ಲಿ ಅಕ್ಷರ ತಿದ್ದಿದ್ದು

ಬ್ಯಾಂಕಿನಲ್ಲಿ 37 ವರ್ಷ ಬೇರೆಯವರ ಸಹಿ ತಾಳೆ ನೋಡಿದವನು ನಾನು. ಒಂದು ಕೈಯಲ್ಲಿ ಮಾದರಿ ಸಹಿಯ ಕಾರ್ಡು, ಇನ್ನೊಂದರಲ್ಲಿ ಚೆಕ್ಕು. ಎರಡೂ ಹೊಂದದಿದ್ದರೆ ಚೆಕ್ಕು ವಾಪಸು. ಹಾಗೆ ವಾಪಸು ಪಡೆದವರಲ್ಲಿ ವಯಸ್ಸಾದವರೇ ಹೆಚ್ಚು. ‘ಕೈ ನಡುಗತದೋ ತಮ್ಮಾ’ ಎನ್ನುತ್ತಿದ್ದರು. ‘ರೂಲ್ಸ್ ಅಜ್ಜಾ’ ಎನ್ನುತ್ತಿದ್ದೆ.

2024ರ ಜನವರಿಯಲ್ಲಿ ನನ್ನದೇ ಚೆಕ್ಕು ವಾಪಸು ಬಂತು. ಕೌಂಟರಿನ ಹುಡುಗ ಒಳ್ಳೆಯವನೇ. ‘ಅಂಕಲ್, ಸಹಿ ತಾಳೆ ಆಗ್ತಿಲ್ಲ. ಹೆಬ್ಬೆಟ್ಟು ಒತ್ತಿಬಿಡಿ, ಸುಲಭ’ ಎಂದ. ಬಿ.ಕಾಂ. ಓದಿ, ಮುತ್ತು ಪೋಣಿಸಿದ ಹಾಗೆ ಲೆಡ್ಜರ್ ಬರೆಯುತ್ತಾನೆಂದು ಮ್ಯಾನೇಜರುಗಳಿಂದ ಹೊಗಳಿಸಿಕೊಂಡವನಿಗೆ ಹೆಬ್ಬೆಟ್ಟು! ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆಮೇಲೆ ಪೆನ್ನನ್ನೂ ಮುಟ್ಟಲಿಲ್ಲ. ಹಾಲಿನ ಲೆಕ್ಕ ಬರೆಯುವುದನ್ನೂ ಬಿಟ್ಟೆ.

ಅದಾಗಿ ಸ್ವಲ್ಪ ದಿನಕ್ಕೆ ದುಬೈನಲ್ಲಿರುವ ಮಗಳು ಫೋನು ಮಾಡಿದಳು. ಫೆಬ್ರುವರಿಯಿಂದ ಭಾರತೀಯ ಪ್ರವಾಸಿಗಳು ವಿಮಾನದಲ್ಲಿ ಬಂದರೆ 15 ದಿನಕ್ಕೆ ವೀಸಾ ಬೇಡ ಎಂದು ಇರಾನ್ ಆಗ ಹೇಳಿತ್ತಂತೆ. ‘ನೀವು ಬೀದರ, ವಿಜಾಪುರದಲ್ಲಿ ಇದ್ದಾಗ ಗೋಡೆ ಮೇಲಿನ ಅಕ್ಷರ ನೋಡ್ತಾ ನಿಲ್ತಿದ್ದಿರಲ್ಲ ಅಪ್ಪಾ, ಅದರ ಊರು ನೋಡೋಣ ಬನ್ನಿ’ ಎಂದಳು.

ನಿಜ. ಬೀದರದಲ್ಲಿ ಮೂರು ವರ್ಷ ಇದ್ದೆ. ಗಿಲಾನ್ ಎಂಬ ಇರಾನಿನ ಸೀಮೆಯಿಂದ ಬಂದು ಬಹಮನಿ ರಾಜ್ಯಕ್ಕೆ ಮಂತ್ರಿಯಾದ ಮಹಮೂದ್ ಗಾವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂದೆ ಎಷ್ಟೋ ಸಂಜೆ ಕಳೆದಿದ್ದೇನೆ. ಅದರ ಅರ್ಧ ಭಾಗ ಬಿದ್ದುಹೋಗಿದೆ. ಉಳಿದ ಗೋಡೆಯ ಮೇಲೆ ನೀಲಿ, ಬಿಳಿ ಹೆಂಚಿನ ಅಕ್ಷರಗಳು. ಒಂದೂ ಓದಲು ಬಾರದು. ಆದರೂ ನೋಡುವುದು ಬೇಜಾರಾಗಿರಲಿಲ್ಲ. ವಿಜಾಪುರದ ಗೋಲಗುಮ್ಮಟದ ದಕ್ಷಿಣ ಬಾಗಿಲ ಮೇಲೆ ಇರುವ ಫಾರ್ಸಿ ಬರಹವಂತೂ ನನ್ನಂಥ ಲೆಕ್ಕದವನಿಗೆ ಹೇಳಿ ಮಾಡಿಸಿದ್ದು. ಅಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಬೆಲೆ; ಕೂಡಿದರೆ ಹಿಜರಿ 1067, ಅಂದರೆ ಮಹಮ್ಮದ್ ಆದಿಲ್ ಶಾಹ ತೀರಿಹೋದ ವರ್ಷ ಸಿಗುತ್ತದೆ. ಅಕ್ಷರವೇ ಅಂಕಿ!

ಮಾರ್ಚ್ ಮೊದಲ ವಾರ ಟೆಹರಾನಿನಲ್ಲಿ ಇಳಿದಾಗ ಚಳಿ ಇತ್ತು. ಉತ್ತರಕ್ಕೆ ಆಲ್ಬುರ್ಜ್ ಬೆಟ್ಟಗಳು ಹಿಮ ಹೊದ್ದು ನಿಂತಿದ್ದವು. ಇರಾನಿಯರ ಹೊಸ ವರ್ಷ ನೌರೋಜ್‌ಗೆ ಇನ್ನೆರಡು ವಾರ. ಪುಟ್ಟ ಗಾಜಿನ ಬುರುಡೆಯಲ್ಲಿ ಕೆಂಪು ಮೀನು, ತಟ್ಟೆಯಲ್ಲಿ ಮೊಳಕೆ ಬಂದ ಗೋಧಿಯ ಹಸಿರು ಮಾರಾಟಕ್ಕೆ ಬಂದಿದ್ದವು. ವಲೀ ಅಸ್ರ್ ಎಂಬ ರಸ್ತೆ ಹದಿನೆಂಟು ಕಿಲೋಮೀಟರು ಉದ್ದ; ಎರಡೂ ಕಡೆ ಚಿನಾರ್ ಮರ, ಮರದ ಬುಡದಲ್ಲಿ ಹರಿಯುವ ನೀರಿನ ಕಾಲುವೆ.

ಮೊದಲ ದಿನವೇ ದುಡ್ಡಿನ ಲೆಕ್ಕದಲ್ಲಿ ಸೋತೆ. ನೋಟಿನ ಮೇಲೆ ರಿಯಾಲ್, ಜನರ ಬಾಯಲ್ಲಿ ತೊಮಾನ್. ಹತ್ತು ರಿಯಾಲಿಗೆ ಒಂದು ತೊಮಾನ್. ಒಂದು ಡಾಲರಿಗೆ ಲಕ್ಷಗಟ್ಟಲೆ ರಿಯಾಲ್ ಬರುವುದರಿಂದ ಹೊಸ ನೋಟುಗಳಲ್ಲಿ ಕೊನೆಯ ನಾಲ್ಕು ಸೊನ್ನೆಗಳನ್ನು ಮಸುಕಾಗಿ ಅಚ್ಚು ಮಾಡಿದ್ದಾರೆ. ಆ ಸೊನ್ನೆಯಾದರೂ ನಮ್ಮಂತೆ ದುಂಡಗಿಲ್ಲ, ಒಂದು ಚುಕ್ಕೆ ಅಷ್ಟೆ. ‘ತಾತಾ, ಚುಕ್ಕಿ ಎಣಿಸಿ’ ಎಂದು ಹತ್ತು ವರ್ಷದ ಮೊಮ್ಮಗಳು ಹೇಳಿಕೊಟ್ಟಳು. ದುಬೈ ಶಾಲೆಯಲ್ಲಿ ಅವಳಿಗೆ ಅರಬ್ಬಿ ಕಡ್ಡಾಯ. ಹಾಗಾಗಿ ನಮ್ಮ ಗುಂಪಿನಲ್ಲಿ ಅಲ್ಪಸ್ವಲ್ಪ ಓದಲು ಬರುತ್ತಿದ್ದವಳು ಅವಳೊಬ್ಬಳೇ. ಕನ್ನಡ ಓದಬೇಕೆಂದರೆ ಮಾತ್ರ ಅವಳಿಗೆ ತಲೆನೋವು ಬರುತ್ತದೆ, ಆ ಮಾತು ಬೇರೆ.

ನಮಗೆ ಊರು ತೋರಿಸಲು ಬಂದವಳು ಇಂಗ್ಲಿಷ್ ಓದುವ ಒಬ್ಬ ವಿದ್ಯಾರ್ಥಿನಿ. ನನ್ನ ಕೆಲಸ ಏನಿತ್ತೆಂದು ಕೇಳಿದಳು. ‘ಗುಮಾಸ್ತ’ ಎಂದೆ. ‘ಗೊಮಾಶ್ತೆ?’ ಎಂದು ಬಾಯಿ ಬಿಟ್ಟಳು. ಅವರ ಭಾಷೆಯ ಹಳೆಯ ಪದ! ಆಮೇಲೆ ನನಗೆ ಉತ್ಸಾಹ ಬಂದು ಕಾಗದ, ಶಾಯಿ, ರಸೀದಿ, ದಸ್ತಾವೇಜು, ಖರ್ಚು ಎಂದು ಒಂದೊಂದೇ ಹೇಳುತ್ತ ಹೋದೆ. ಎಲ್ಲಕ್ಕೂ ತಲೆ ಆಡಿಸಿದಳು. ಜೀವಮಾನವಿಡೀ ನಾನು ಕೂತಿದ್ದ ಮೇಜಿನ ಮೇಲಿನ ಸಾಮಾನೆಲ್ಲ ಈ ಊರಿನಿಂದ ಬಂದದ್ದು ಎಂದಾಯಿತು.

ಅವಳು ಮೊದಲು ಕರೆದೊಯ್ದದ್ದು ಸಾದಾಬಾದ್ ಅರಮನೆಯ ತೋಟದೊಳಗಿನ ಮೀರ್ ಎಮಾದ್ ಸಂಗ್ರಹಾಲಯಕ್ಕೆ. ಮೀರ್ ಎಮಾದ್ ಹುಟ್ಟಿದ್ದು 1554ರಲ್ಲಿ ಖಜ್ವೀನ್ ಎಂಬ ಊರಿನಲ್ಲಿ. ‘ನಸ್ತಾಲಿಖ್’ ಎಂಬ ಓಲಾಡುವ ಬರವಣಿಗೆಯಲ್ಲಿ ಅವನನ್ನು ಮೀರಿದವರಿಲ್ಲ ಎನ್ನುತ್ತಾರೆ. ಷಾ ಅಬ್ಬಾಸನ ಕಾಲದಲ್ಲಿ, 1615ರಲ್ಲಿ, ಇಸ್ಫಹಾನಿನಲ್ಲಿ ಅವನ ಕೊಲೆಯಾಯಿತು. ಅವನ ಸೋದರಳಿಯ ಅಬ್ದುಲ್ ರಷೀದ್ ಮುಂದೆ ನಮ್ಮ ಷಹಜಹಾನನ ಆಸ್ಥಾನಕ್ಕೆ ಬಂದ. ಈ ಬರವಣಿಗೆ ಹುಟ್ಟಿದ ಬಗ್ಗೆ ಮಕ್ಕಳಿಗೆ ಹೇಳುವಂಥ ಒಂದು ಕಥೆ ಇದೆ. ಮೀರ್ ಅಲಿ ತಬ್ರೀಜಿ ಎಂಬ ಲಿಪಿಕಾರನ ಕನಸಿನಲ್ಲಿ ಬಾತುಗಳ ಸಾಲು ಹಾರಿ ಬಂತಂತೆ. ಎದ್ದವನು ಅವುಗಳ ಕತ್ತು, ರೆಕ್ಕೆ, ಎದೆಯ ಬಾಗನ್ನು ಅಕ್ಷರಕ್ಕೆ ತಂದನಂತೆ. ನೋಡಿದರೆ ಹೌದೆನಿಸುತ್ತದೆ. ಸಾಲು ನೆಟ್ಟಗೆ ಕೂರುವುದಿಲ್ಲ, ಬಲಗಡೆ ಮೇಲಿನಿಂದ ಎಡಗಡೆ ಕೆಳಕ್ಕೆ ಇಳಿಯುತ್ತದೆ, ಕೆರೆಗೆ ಹಕ್ಕಿ ಇಳಿದ ಹಾಗೆ.

ಚೆನ್ನಾಗಿಯೇ ಇತ್ತು. ಆದರೆ ಅಂಥ ಪರಿಪೂರ್ಣ ಬರಹ ನೋಡನೋಡುತ್ತ ನನ್ನ ಹೊಟ್ಟೆಯೊಳಗೆ ಏನೋ ಸಂಕಟ. ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.

ಮಾರನೆಯ ದಿನ ಮೆಟ್ರೊ ಹತ್ತಿ ದಕ್ಷಿಣದ ರೇ ಪಟ್ಟಣಕ್ಕೆ ಹೋದೆವು. ಅಲ್ಲಿ ಷಾ ಅಬ್ದುಲ್ ಅಜೀಮ್ ಎಂಬ ದೊಡ್ಡ ದರ್ಗಾ ಇದೆ. ಯಾತ್ರಿಗಳ ಜಾತ್ರೆಯಂಥ ಜಾಗ. ಇಲ್ಲಿಗೆ ಬಂದದ್ದಕ್ಕೆ ಕಾರಣವಿದೆ. 1960ರ ಆಸುಪಾಸಿನಲ್ಲಿ ಇಬ್ಬರು ಗೆಳೆಯರು ಇಲ್ಲಿ ಅಡ್ಡಾಡಲು ಬಂದಿದ್ದರು. ಪರ್ವೀಜ್ ತನಾವೊಲಿ, ಹುಸೇನ್ ಜೆಂದೆರೂದಿ, ಇಬ್ಬರೂ 1937ರಲ್ಲಿ ಹುಟ್ಟಿದವರು. ತನಾವೊಲಿ ಇಟಲಿಯಲ್ಲಿ ಶಿಲ್ಪಕಲೆ ಓದಿ ಬಂದಿದ್ದ. ಊರಿಗೆ ಬಂದರೆ ಮುಂದೇನು ಮಾಡುವುದೆಂದು ತೋಚದು. ನಮ್ಮ ಹುಡುಗ ಕಲೆ ಕಲಿತು ಬಂದರೆ ಬೇಲೂರು, ಹಳೇಬೀಡು ಇದೆ. ಇರಾನಿನಲ್ಲಿ ಮೂರ್ತಿ ಕೆತ್ತುವ ಪರಂಪರೆ ನಿಂತು ಶತಮಾನಗಳೇ ಆಗಿದ್ದವು. ಇಟಲಿಯವರ ಹಾಗೆ ಮಾಡಿದರೆ ಇಟಲಿಯವರದ್ದೇ ಆಗುತ್ತದೆ.

ಆ ದಿನ ಇಬ್ಬರ ಕಣ್ಣಿಗೆ ಬಿದ್ದದ್ದು ಯಾತ್ರಿಗಳು ಕೊಳ್ಳುವ ಅಗ್ಗದ ಚಿತ್ರಪಟಗಳು: ಗಾಢ ಬಣ್ಣ, ಒಂದೇ ಮಾತನ್ನು ನೂರು ಸಲ ಬರೆದದ್ದು, ಚೌಕಗಳಲ್ಲಿ ತಾಯಿತದ ಅಂಕಿಗಳು. ಯಾವ ದೊಡ್ಡ ಕಲಾವಿದನೂ ತಿರುಗಿ ನೋಡದ ಸಾಮಾನು. ಅವುಗಳನ್ನು ಕೊಂಡುಕೊಂಡು ಮನೆಗೆ ಹೋದರು. ಜೆಂದೆರೂದಿ ಕ್ಯಾನ್ವಾಸ್ ತುಂಬ ಅಂಕಿ, ಅಕ್ಷರ ಬರೆಯತೊಡಗಿದ. ಅವನ 1962ರ ಒಂದು ಚಿತ್ರದ ಹೆಸರೇ ಅಕ್ಷರ, ಅಂಕಿ ಕೂಡಿಸಿದ ಒಂದು ಲೆಕ್ಕದ ಹಾಗಿದೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಅದರ ಫೋಟೊ ನೋಡಿದಾಗ, ವರ್ಷದ ಕೊನೆಗೆ ತಾಳೆಯಾಗದ ನಮ್ಮ ಹಳೆಯ ಲೆಡ್ಜರಿನ ನೆನಪಾಯಿತು.

ಇವರ ಚಿತ್ರ ನೋಡಿದ ವಿಮರ್ಶಕ ಕರೀಂ ಎಮಾಮಿ ಅದಕ್ಕೆ ‘ಸಖ್ಖಾಖಾನೆ’ ಎಂದು ಹೆಸರಿಟ್ಟ. ಸಖ್ಖಾಖಾನೆ ಎಂದರೆ ನಮ್ಮ ಅರವಟ್ಟಿಗೆ. ಕರ್ಬಲಾದಲ್ಲಿ ನೀರಿಲ್ಲದೆ ಪ್ರಾಣ ಬಿಟ್ಟವರ ನೆನಪಿಗೆ ಬೀದಿಯ ಗೋಡೆಯಲ್ಲಿ ಒಂದು ಗೂಡು. ಒಳಗೆ ನೀರು, ಹಿತ್ತಾಳೆ ಬಟ್ಟಲು, ಮೋಂಬತ್ತಿ, ಎದುರಿಗೆ ಕಬ್ಬಿಣದ ಜಾಲರಿ. ಹರಕೆ ಹೊತ್ತವರು ಜಾಲರಿಗೆ ಬಟ್ಟೆಯ ಚೂರು ಕಟ್ಟುತ್ತಾರೆ, ಬೀಗ ಹಾಕುತ್ತಾರೆ. ಟೆಹರಾನಿನ ಬಜಾರಿನ ಓಣಿಯಲ್ಲಿ ಅಂಥದ್ದೊಂದರ ಮುಂದೆ ನಿಂತಾಗ ನನಗೆ ಪರಸ್ಥಳ ಅನಿಸಲೇ ಇಲ್ಲ. ಉತ್ತರ ಕರ್ನಾಟಕದ ಊರುಗಳಲ್ಲಿ ಮೊಹರಂ ಬಂದರೆ ಹಿಂದೂಗಳೇ ಪಂಜಾ ಹೊತ್ತು ಹೆಜ್ಜೆ ಹಾಕುವುದನ್ನು ಕಂಡವನು ನಾನು. ಅದೇ ಲೋಹದ ಕೈ ಇಲ್ಲಿಯೂ ಗೂಡಿನ ಮೇಲಿತ್ತು. ತನಾವೊಲಿ ಬೀಗ, ಜಾಲರಿ, ಕೈ ಎಲ್ಲವನ್ನೂ ತನ್ನ ಶಿಲ್ಪಕ್ಕೆ ತಂದ. ಬೀಗ ಸಂಗ್ರಹಿಸುವ ಹುಚ್ಚು ಹಿಡಿದು ಅದರ ಮೇಲೆ ಪುಸ್ತಕವನ್ನೂ ಬರೆದ.

ಆದರೆ ಅವನ ಹೆಸರು ಲೋಕಕ್ಕೆ ಗೊತ್ತಾದದ್ದು ಬೀಗದಿಂದಲ್ಲ, ಒಂದೇ ಒಂದು ಪದದಿಂದ. ಅದನ್ನು ನಾವು ನೋಡಿದ್ದು ಉತ್ತರ ಟೆಹರಾನಿನ ಒಂದು ಚಿಕ್ಕ ಗ್ಯಾಲರಿಯಲ್ಲಿ.

ಕೋಣೆಯ ನಡುವೆ ಸೊಂಟದೆತ್ತರದ ಕಂಚಿನ ಆಕೃತಿ. ಮೇಲೆ ಎರಡು ಕಣ್ಣಿನ ತಲೆ, ಕೆಳಗೆ ಸಣ್ಣ ಕುತ್ತಿಗೆ, ಮತ್ತೆ ಕೊಕ್ಕರೆಯ ಹಾಗೆ ಬಾಗಿದ ಮೈ. ಮೊಮ್ಮಗಳು ಸುತ್ತು ಹಾಕಿ ‘ಇದು ಹಾವು. ಅಲ್ಲ, ಬಾತು. ಅಲ್ಲ, ಯಾರೋ ಬಗ್ಗಿ ಕೂತಿದ್ದಾರೆ’ ಎಂದಳು. ಕೆಳಗಿನ ಚೀಟಿಯಲ್ಲಿ ಅಚ್ಚಾಗಿದ್ದ ಪದವನ್ನು ಬೆರಳಿಟ್ಟು ಓದತೊಡಗಿದಳು. ‘ಹ... ಈ...’ ಅಲ್ಲಿಗೆ ನಿಂತಳು. ‘ಈ ಮೂರು ಚುಕ್ಕಿಯ ಅಕ್ಷರ ಅರಬ್ಬಿಯಲ್ಲಿ ಇಲ್ಲ ತಾತಾ.’

‘ಚ’ ಎಂದಳು ವಿದ್ಯಾರ್ಥಿನಿ. ‘ಹೀಚ್.’

‘ಹಾಗಂದ್ರೆ?’

‘ಏನೂ ಇಲ್ಲ.’

ಮೊಮ್ಮಗಳಿಗೆ ಸಿಟ್ಟು ಬಂತು. ‘ಏನೂ ಇಲ್ಲ ಅಂದ್ರೆ ಹೇಗೆ? ಏನೋ ಅರ್ಥ ಇರ್ಬೇಕಲ್ಲ!’ ಅವಳಿಗೆ ಅದೇ ಅರ್ಥವೆಂದು ತಿಳಿಸಲು ನಾವು ಮೂವರು ಸೇರಬೇಕಾಯಿತು.

ತನಾವೊಲಿ 1960ರ ದಶಕದ ಮಧ್ಯದಿಂದ ಈ ಪದವನ್ನು ಮಾಡುತ್ತಲೇ ಬಂದಿದ್ದಾನೆ. 1965ರಲ್ಲಿ ಟೆಹರಾನಿನಲ್ಲಿ ಅವನ ಒಂದು ಪ್ರದರ್ಶನಕ್ಕೆ ಗದ್ದಲವಾಗಿ ಮುಚ್ಚಬೇಕಾಯಿತು. ದೊಡ್ಡವರ ಮೆಚ್ಚುಗೆಗೆ, ಟೀಕೆಗೆ ಎರಡಕ್ಕೂ ಬೇಸತ್ತ ಆ ದಿನಗಳಲ್ಲಿ ಅವನಿಗೆ ಒದಗಿದ್ದು ಈ ‘ಏನೂ ಇಲ್ಲ’. ನಸ್ತಾಲಿಖ್ ಬರವಣಿಗೆಯಲ್ಲಿ ಈ ಪದದ ಮೊದಲಕ್ಷರಕ್ಕೆ ಎರಡು ಕಣ್ಣಿವೆ. ಅದನ್ನು ಎತ್ತಿ ನಿಲ್ಲಿಸಿದರೆ ಮನುಷ್ಯನಾಗುತ್ತದೆ. ಅಷ್ಟೇ ಗುಟ್ಟು. ಮೂರ್ತಿ ಇಲ್ಲದ ನಾಡಿನಲ್ಲಿ ಅಕ್ಷರವೇ ಮೂರ್ತಿಯಾಯಿತು. ಆಮೇಲೆ ಹೀಚ್ ಕುರ್ಚಿಯ ಮೇಲೆ ಕೂತಿತು, ಇಬ್ಬರು ಹೀಚ್‌ಗಳು ಒಬ್ಬರಿಗೊಬ್ಬರು ಒರಗಿಕೊಂಡರು. 2005ರಲ್ಲಿ ಪಂಜರದೊಳಗೆ ಸಿಕ್ಕಿಕೊಂಡ ಹೀಚ್ ಬಂತು. ಅದು ಗ್ವಾಂಟನಾಮೊ ಸೆರೆಮನೆಯ ಕೈದಿಗಳನ್ನು ನೆನೆದು ಮಾಡಿದ್ದು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಇದು ನಿರಾಶೆಯ ‘ಇಲ್ಲ’ ಅಲ್ಲ, ಜೊತೆಗಿರುವ ಗೆಳೆಯನಂಥದ್ದು ಎಂಬುದು ಅವನ ನಿಲುವು. ಅಲ್ಲಮಪ್ರಭು ಹುಟ್ಟಿದ ನಾಡಿನವರಿಗೆ ಬಯಲು, ಶೂನ್ಯ ಎಂದರೆ ಹೆದರಿಕೆ ಆಗಬೇಕಿಲ್ಲ. ಆದರೂ ನಾನು ಬ್ಯಾಂಕಿನವನು. ನಮ್ಮಲ್ಲಿ ‘ನಿಲ್’ ಎಂದು ಬರೆದರೆ ಆ ಪುಟ ಮುಗಿಯಿತು, ಕೆಳಗೊಂದು ಗೆರೆ ಎಳೆದು ಸಹಿ. ಇಲ್ಲಿ ‘ನಿಲ್’ ಎಂಬುದು ತಲೆ ಎತ್ತಿ ನನ್ನನ್ನೇ ನೋಡುತ್ತಿತ್ತು.

ಬೆಲೆ ಎಷ್ಟಿರಬಹುದು ಎಂದು ಅಳಿಯ ಕೇಳಿದ. ಆ ಕಂಚಿನ ಬೆಲೆ ನಾವು ವಿಚಾರಿಸಲಿಲ್ಲ. ಆದರೆ 2008ರಲ್ಲಿ ದುಬೈ ಹರಾಜಿನಲ್ಲಿ ತನಾವೊಲಿಯ ‘ಗೋಡೆ’ ಎಂಬ 1975ರ ಕಂಚಿನ ಶಿಲ್ಪ 28 ಲಕ್ಷ ಡಾಲರಿಗೂ ಮೇಲೆ ಹೋಯಿತು. ಆ ಗೋಡೆಯ ತುಂಬ ಬರಹವೋ ಬರಹ, ಆದರೆ ಅದು ಯಾವ ಭಾಷೆಯೂ ಅಲ್ಲ. ಯಾರಿಗೂ ಓದಲು ಬಾರದು. ಬೀದರದ ಗೋಡೆ ನನಗೆ ಹೇಗೋ ಹಾಗೆ.

ಅದೇ ಗ್ಯಾಲರಿಯ ಪುಸ್ತಕದಲ್ಲಿ ಗೊಲ್ನಾಜ್ ಫತ್ಹಿ ಎಂಬವಳ ಚಿತ್ರಗಳನ್ನೂ ಕಂಡೆವು. 1972ರಲ್ಲಿ ಟೆಹರಾನಿನಲ್ಲಿ ಹುಟ್ಟಿದ ಇವಳು ವರ್ಷಗಟ್ಟಲೆ ಕೂತು ಸಾಂಪ್ರದಾಯಿಕ ಲಿಪಿಯನ್ನು ನಿಯಮ ತಪ್ಪದೆ ಕಲಿತಳು. ಆಮೇಲೆ ಅರ್ಥವನ್ನು ಬಿಟ್ಟುಬಿಟ್ಟಳು. ಕೈಯ ಓಟ ಮಾತ್ರ ಉಳಿದಿದೆ. ಮೊದಲು ನನಗೆ ಇದು ಮೋಸ ಅನಿಸಿತು. ಓದಲು ಬಾರದ್ದನ್ನು ಬರೆಯುವುದು ಯಾವ ಸೀಮೆ ಬರವಣಿಗೆ? ‘ಕಾಗೆ ಕಾಲು ಗುಬ್ಬಿ ಕಾಲು’ ಎಂದು ನಮ್ಮ ಮೇಷ್ಟ್ರು ಬೆರಳಿನ ಗೆಣ್ಣಿಗೆ ಹೊಡೆಯುತ್ತಿದ್ದರಲ್ಲ! ಈ ಪ್ರಶ್ನೆಯನ್ನು ಜೋರಾಗಿಯೇ ಕೇಳಿದೆ. ವಿದ್ಯಾರ್ಥಿನಿ ನಕ್ಕು, ‘ನಾಳೆ ನಮ್ಮ ಓಸ್ತಾದರನ್ನು ಕೇಳಿ’ ಎಂದಳು.

ಓಸ್ತಾದ್ ಎಂದರೆ ಉಸ್ತಾದರೇ. ಒಂದು ಓಣಿಯ ಎರಡನೇ ಮಹಡಿಯಲ್ಲಿ ಅವರ ಲಿಪಿಯ ಪಾಠ. ನನ್ನ ವಯಸ್ಸಿನವರೇ, ನನಗಿಂತ ಗಟ್ಟಿ. ಹತ್ತಾರು ಜನ ಕಲಿಯುತ್ತಿದ್ದರು, ಅದರಲ್ಲಿ ಹೆಂಗಸರೇ ಜಾಸ್ತಿ. ಲಾಳದ ಕಡ್ಡಿಯ ಲೇಖನಿ. ತುದಿಯನ್ನು ಓರೆಯಾಗಿ ಕೊಯ್ದಿರುತ್ತಾರೆ. ಮಸಿ ಎಂದರೆ ದೀಪದ ಕಾಡಿಗೆ ಮತ್ತು ಅಂಟು. ದೌತಿಯೊಳಗೆ ಒಂದು ಮುದ್ದೆ ರೇಷ್ಮೆ ನೂಲು, ಲೇಖನಿಗೆ ಮಸಿ ಹೆಚ್ಚು ಹತ್ತದಿರಲಿ ಎಂದು. ಲೇಖನಿಯನ್ನು ಒಂದು ಸಲ ಒತ್ತಿ ಎಳೆದರೆ ವಜ್ರಾಕಾರದ ಚುಕ್ಕೆ ಬೀಳುತ್ತದೆ. ಅಕ್ಷರ ಎಷ್ಟು ಉದ್ದ, ಎಷ್ಟು ಆಳ ಎಂಬುದನ್ನೆಲ್ಲ ಚುಕ್ಕೆಯಿಂದಲೇ ಅಳೆಯುವುದು. ಮೊಮ್ಮಗಳು ಥಟ್ಟನೆ ‘ನೋಟಿನ ಸೊನ್ನೆ!’ ಎಂದಳು. ಹೌದಲ್ಲ, ಅದೇ ಆಕಾರ.

ನನ್ನ ಪ್ರಶ್ನೆಗೆ ಓಸ್ತಾದರು ಬಾಯಿಯಿಂದ ಉತ್ತರ ಕೊಡಲಿಲ್ಲ. ಕಪಾಟಿನಿಂದ ಒಂದು ಹಾಳೆ ತಂದು ಹರಡಿದರು. ಪೂರ್ತಿ ಕಪ್ಪು. ಹತ್ತಿರದಿಂದ ನೋಡಿದರೆ ಒಂದೇ ಎರಡು ಅಕ್ಷರಗಳನ್ನು ಒಂದರ ಮೇಲೊಂದು, ಅಡ್ಡ, ಉದ್ದ, ತಲೆಕೆಳಗು, ಬಿಳಿ ಜಾಗ ಉಳಿಯದ ಹಾಗೆ ಬರೆದಿದ್ದರು. ‘ಸಿಯಾ ಮಶ್ಖ್’ ಎಂದರು. ಸಿಯಾ ಎಂದರೆ ಕಪ್ಪು, ಮಶ್ಖ್ ಎಂದರೆ ಅಭ್ಯಾಸ. ಕಾಗದ ದುಬಾರಿಯಾಗಿದ್ದ ಕಾಲದಲ್ಲಿ ಲಿಪಿಕಾರರು ಕೈ ಪಳಗಲು ಬರೆದ ಹಾಳೆಯ ಮೇಲೆಯೇ ಮತ್ತೆ ಮತ್ತೆ ಬರೆಯುತ್ತಿದ್ದರು. ಬಿಸಾಡಬೇಕಾದ ಹಾಳೆ. ನೋಡುತ್ತ ನೋಡುತ್ತ ಜನ ಅದನ್ನೇ ಚಂದವೆಂದು ಎತ್ತಿಟ್ಟರು. ಹತ್ತೊಂಬತ್ತನೇ ಶತಮಾನದ ಗುಲಾಂ ರೆಜಾ ಇಸ್ಫಹಾನಿಯ ಇಂಥ ಹಾಳೆಗಳು ದೊಡ್ಡ ಹೆಸರು ಪಡೆದಿವೆ. ಇಂದಿನವರ ಓದಲಾಗದ ಚಿತ್ರಗಳಿಗೆ ಇದೇ ಅಜ್ಜನ ಮನೆ.

ನಾನು ಕಪ್ಪು ಹಾಳೆ ನೋಡುತ್ತಲೇ ನಿಂತೆ. ಇದು ನನಗೆ ಗೊತ್ತಿತ್ತು! ಒಂದನೇ ಇಯತ್ತೆಯಲ್ಲಿ ಮೇಷ್ಟ್ರು ಪಾಟಿಯ ಮೇಲೆ ಬರೆದುಕೊಟ್ಟ ‘ಅ’ದ ಮೇಲೆ ಬಳಪದಿಂದ ತಿದ್ದಿ, ತಿದ್ದಿ, ಅದು ಹೆಬ್ಬೆರಳಿನಷ್ಟು ದಪ್ಪವಾಗುವವರೆಗೆ ತಿದ್ದಿದ್ದೆನಲ್ಲ, ಅದೇ ಇದು. ನಾವು ಸಂಜೆ ಒರೆಸಿಬಿಡುತ್ತಿದ್ದೆವು. ಇವರು ಇಟ್ಟುಕೊಂಡರು.

ಓಸ್ತಾದರು ನನ್ನ ಮುಂದೆ ಬಿಳಿ ಹಾಳೆ ಇಟ್ಟು ಲೇಖನಿ ಚಾಚಿದರು. ನಾನು ಕೈ ಹಿಂದೆ ಸರಿಸಿದೆ. ‘ತಾತನ ಕೈ ನಡುಗುತ್ತೆ’ ಎಂದು ಮೊಮ್ಮಗಳು ಎಲ್ಲರೆದುರು ಹೇಳಿಬಿಟ್ಟಳು. ಅವಳಿಗೆ ಗೊತ್ತಿತ್ತು! ಮಗಳ ಮುಖ ನೋಡಿದೆ, ಅವಳಿಗೂ ಗೊತ್ತಿತ್ತು. ನಾನೊಬ್ಬನೇ ಬಚ್ಚಿಡುತ್ತಿದ್ದೆ ಅಂದುಕೊಂಡಿದ್ದೆ. ಓಸ್ತಾದರು ಲೇಖನಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನನ್ನ ಸಹಿ ಹಾಕಿದೆ, ಕನ್ನಡದಲ್ಲಿ. ಓರೆ ತುದಿಯ ಲೇಖನಿ ನನ್ನ ಮಾತು ಕೇಳುವುದಿಲ್ಲ, ಕೈ ಲೇಖನಿಯ ಮಾತು ಕೇಳುವುದಿಲ್ಲ. ಕೊಂಬು, ತಲೆಕಟ್ಟು ಎಲ್ಲ ಗದ್ದೆಯ ಬದುವಿನ ಹಾಗೆ ಸೊಟ್ಟ. ಓಸ್ತಾದರು ನೋಡಿ ‘ದೋಬಾರೆ’ ಎಂದರು.

ನಾನು ಗಾಬರಿಯಿಂದ ಹಾಳೆ ಬಿಟ್ಟೆ. ದುಬಾರಿ ಕಾಗದ ಹಾಳು ಮಾಡಿದೆನೆಂದು! ವಿದ್ಯಾರ್ಥಿನಿ ನಗುತ್ತ ‘ಮತ್ತೊಮ್ಮೆ ಅಂತ’ ಎಂದಳು. ಮತ್ತೊಮ್ಮೆ ಬರೆದೆ, ಅದೇ ಸಹಿಯ ಮೇಲೆ. ‘ದೋಬಾರೆ.’ ಹಾಳೆ ತಿರುಗಿಸಿಟ್ಟರು. ‘ದೋಬಾರೆ.’ ಎಷ್ಟು ಸಲವೋ ಲೆಕ್ಕ ಇಡಲಿಲ್ಲ, ನಾನು! ನಡುಗಿದ ಗೆರೆಗಳು ಒಂದರೊಳಗೊಂದು ಸೇರಿ ಯಾವುದು ನಡುಕ, ಯಾವುದು ಅಕ್ಷರ ಎಂದು ಗೊತ್ತಾಗದ ಹಾಗಾಯಿತು. ಹಾಳೆ ಕಪ್ಪಾಯಿತು. ಪಕ್ಕದಲ್ಲಿ ಮೊಮ್ಮಗಳೂ ಇನ್ನೊಂದು ಹಾಳೆಯಲ್ಲಿ ತನ್ನ ಹೆಸರಿನ ಮೊದಲಕ್ಷರ ಬರೆಯುತ್ತಿದ್ದಳು, ಕನ್ನಡದಲ್ಲಿ, ಯಾರೂ ಹೇಳದೆ. ತಲೆನೋವು ಬಂದಂತೆ ಕಾಣಲಿಲ್ಲ.

ಓಸ್ತಾದರು ನನ್ನ ಹಾಳೆಯನ್ನು ದೂರ ಹಿಡಿದು ನೋಡಿದರು. ಎಡ ಮೂಲೆಯ ಒಂದು ತಿರುವಿನ ಮೇಲೆ ಬೆರಳಿಟ್ಟು ‘ಇದು ಚೆನ್ನಾಗಿದೆ’ ಎಂದರು. ಉಳಿದದ್ದರ ಬಗ್ಗೆ ಏನೂ ಅನ್ನಲಿಲ್ಲ. ಹೊಗಳುವವರಲ್ಲ ಅವರು.

ಇನ್ನೂ ಎರಡು ದಿನ ಇದ್ದೆವು. 1977ರಲ್ಲಿ ತೆರೆದ ಸಮಕಾಲೀನ ಕಲಾ ಸಂಗ್ರಹಾಲಯ ನೋಡಿದೆವು. ಹಳೆಯ ಮನೆಗಳ ಗಾಳಿಗೋಪುರ ನೋಡಿ ಕಮ್ರಾನ್ ದೀಬಾ ಎಂಬ ವಾಸ್ತುಶಿಲ್ಪಿ ಕಟ್ಟಿದ್ದು. ಸುತ್ತಿ ಸುತ್ತಿ ಇಳಿದರೆ ತಳದಲ್ಲಿ ಕರಿ ಎಣ್ಣೆ ತುಂಬಿದ ಒಂದು ತೊಟ್ಟಿ, ಜಪಾನಿನ ಕಲಾವಿದನೊಬ್ಬನದ್ದು. ಕನ್ನಡಿಯ ಹಾಗೆ ನಿಂತಿದೆ. ಬೆರಳು ಅದ್ದುತ್ತೇನೆಂದ ಮೊಮ್ಮಗಳನ್ನು ಹಿಡಿದುಕೊಳ್ಳುವುದರಲ್ಲಿ ಅಲ್ಲಿಯ ಚಿತ್ರಗಳನ್ನು ಸರಿಯಾಗಿ ನೋಡಲಾಗಲಿಲ್ಲ.

ಊರಿಗೆ ಬಂದ ಮೇಲೆ ಒಂದು ಸೋಮವಾರ ಬ್ಯಾಂಕಿಗೆ ಹೋದೆ. ಹೊಸ ಮಾದರಿ ಸಹಿ ಕೊಡುತ್ತೇನೆ, ಕಾರ್ಡು ಕೊಡು ಎಂದೆ. ಅದೇ ಹುಡುಗ. ಮೂರು ಸಲ ಸಹಿ ಮಾಡಬೇಕು. ಮಾಡಿದೆ. ಮೂರೂ ಮೂರು ತರ. ಹುಡುಗ ಕಾರ್ಡನ್ನು ಅತ್ತ ಇತ್ತ ತಿರುಗಿಸಿ, ‘ಅಂಕಲ್, ಇದರಲ್ಲಿ ಯಾವುದು ನಿಮ್ಮ ಸಹಿ?’ ಎಂದ.

‘ಮೂರೂ’ ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, ಒಳಗೆ ಹೋಗಿ ಮ್ಯಾನೇಜರನ್ನು ಕೇಳಿಕೊಂಡು ಬಂದು, ಮೂರಕ್ಕೂ ಮೊಹರು ಹಾಕಿದ.